ಸಾಕು ಎಂದವರ ಸೀಮೆ

ಸರಳ ಬದುಕಿನ ಹಂಬಲದಲ್ಲಿ ಹಳ್ಳಿಯ ಕಡೆ ಮುಖ ಮಾಡಿದವರು ಒಂದಿಷ್ಟು ಜನ. ಹೊಟ್ಟೆಪಾಡಿಗೆ ಹಳ್ಳಿ ಬಿಟ್ಟು ಹೊರಟವರು ಅವರಿಗಿಂತ ಎಷ್ಟೋ ಪಟ್ಟು ಹೆಚ್ಚು. ರಾಯಚೂರು ಜಿಲ್ಲೆಯ ಅರಕೇರಾ ಸುತ್ತಿನ ಎರೆಹೊಲದ ಬದುವಿನ ಮೇಲೆ ನಿಂತರೆ ಎರಡೂ ಬಗೆಯವರು ಕಾಣುತ್ತಾರೆ.

ಇದೇ ಜಿಲ್ಲೆಯ ಮಾನ್ವಿ ಸೀಮೆಯಲ್ಲಿ ಒಂದು ಹೊಟ್ಟೆನೋವಿನ ಕಥೆ ಇದೆ. ಹದಿನೆಂಟನೆಯ ಶತಮಾನದ್ದು. ಬ್ಯಾಗವಾಟದಲ್ಲಿ ಹುಟ್ಟಿದ ಶ್ರೀನಿವಾಸಾಚಾರ್ಯರು ಸಂಸ್ಕೃತದಲ್ಲಿ ಘನ ಪಂಡಿತರು. ಕಾಲಿಗೆ ಗೆಜ್ಜೆ ಕಟ್ಟಿ, ತಂಬೂರಿ ಹಿಡಿದು, ಕನ್ನಡದಲ್ಲಿ ಹಾಡುತ್ತ ಮನೆಮನೆ ತಿರುಗುವ ದಾಸರೆಂದರೆ ಅವರಿಗೆ ಅಷ್ಟಕ್ಕಷ್ಟೆ. ತುಂಗಭದ್ರೆಯ ದಂಡೆಯ ಚೀಕಲಪರ್ವಿಯವರಾದ ವಿಜಯದಾಸರು ಊಟಕ್ಕೆ ಕರೆದಾಗ, ಹೋಗಲು ಮನಸ್ಸಿಲ್ಲದೆ ‘ಹೊಟ್ಟೆನೋವು’ ಎಂದು ನೆಪ ಹೇಳಿ ಕಳಿಸಿದರಂತೆ. ನೆಪವೇ ನಿಜವಾಯಿತು. ಯಾವ ಮದ್ದಿಗೂ ನೋವು ಬಗ್ಗಲಿಲ್ಲ. ಕೊನೆಗೆ ಸೋತು ಬಂದ ಪಂಡಿತರನ್ನು ವಿಜಯದಾಸರು ತಮ್ಮ ಶಿಷ್ಯ ಗೋಪಾಲದಾಸರ ಬಳಿಗೆ ಕಳಿಸಿದರು. ಗೋಪಾಲದಾಸರು ದೇವದುರ್ಗ ಸೀಮೆಯ ಮೊಸರಕಲ್ಲಿನಲ್ಲಿ ಹುಟ್ಟಿದವರು. ಅವರು ಕೊಟ್ಟ ಮದ್ದು ಭಸ್ಮವಲ್ಲ, ಕಷಾಯವಲ್ಲ. ಜೋಳದ ರೊಟ್ಟಿ.

ಹೊಟ್ಟೆ ವಾಸಿಯಾಯಿತು, ಪಂಡಿತರ ಬಿಗುಮಾನವೂ ಇಳಿಯಿತು. ಅವರೇ ಮುಂದೆ ಜಗನ್ನಾಥದಾಸರಾಗಿ, ತಾವು ಹಗುರಾಗಿ ಕಂಡಿದ್ದ ಕನ್ನಡದಲ್ಲೇ ‘ಹರಿಕಥಾಮೃತಸಾರ’ ಬರೆದರು. ದಾಸಪರಂಪರೆ ಇದನ್ನು ಪವಾಡವೆಂದು ಹೇಳಿಕೊಂಡು ಬಂದಿದೆ. ನನಗೆ ಮಾತ್ರ ಇದು ಅಜೀರ್ಣದ ಕಥೆಯಾಗಿ ಕೇಳುತ್ತದೆ. ಹೆಚ್ಚಾದದ್ದರಿಂದ ಬಂದ ನೋವು ಕಡಿಮೆಯಾದದ್ದರಿಂದ ಹೋಯಿತು.

ಆ ಹೊಟ್ಟೆನೋವು ಈಗ ನಗರಕ್ಕೆ ಬಂದಿದೆ. ಸಂಬಳ, ಸಾಲದ ಕಂತು, ಸಿಗ್ನಲ್ಲಿನಲ್ಲಿ ಕಳೆಯುವ ಸಂಜೆ, ರಾತ್ರಿ ಹನ್ನೊಂದಕ್ಕೂ ಮಿಣುಕುವ ಮೊಬೈಲು. ‘ಎಲ್ಲಾ ಬಿಟ್ಟು ಊರಿಗೆ ಹೋಗಿಬಿಡಬೇಕು, ಎರಡೆಕರೆ ಹೊಲ, ಒಂದು ಆಕಳು, ನಾಲ್ಕು ಗಿಡ ಸಾಕು’ ಎನ್ನುವ ಮಾತು ಬೆಂಗಳೂರಿನಲ್ಲಿ ನೌಕರಿ ಮಾಡುವ ನಮ್ಮ ಕಡೆಯ ಹುಡುಗರ ಬಾಯಲ್ಲಿ ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ಆ ಮಾತನ್ನು ಗೇಲಿ ಮಾಡುವುದು ಸುಲಭ. ಆದರೆ ಹಂಬಲ ಸುಳ್ಳಲ್ಲ. ಅವರು ಹಂಬಲಿಸುವ ಆ ಬದುಕು ಈ ನೆಲದಲ್ಲಿ ಹೇಗಿತ್ತು, ಯಾರಿಗೆ ಇತ್ತು, ಯಾರಿಗೆ ಇರಲಿಲ್ಲ ಎಂದು ಮಾತ್ರ ನೋಡಬೇಕು.

ಇಬ್ಬನಿ ಕುಡಿದು ಬೆಳೆಯುವ ಬೆಳೆ

ರಾಯಚೂರು ಜಿಲ್ಲೆಯ ಉತ್ತರಕ್ಕೆ ಕೃಷ್ಣೆ, ದಕ್ಷಿಣಕ್ಕೆ ತುಂಗಭದ್ರೆ. ಎರಡು ಹೊಳೆಗಳ ನಡುವಿನ ಈ ನಾಡನ್ನು ಹಳೆಯ ಶಾಸನಗಳು ಎಡೆದೊರೆ ನಾಡು ಎಂದು ಕರೆದವು. ಎರಡು ದೊಡ್ಡ ಹೊಳೆ ಇದ್ದೂ ಇದು ಬರದ ಸೀಮೆ. ವರ್ಷದ ಮಳೆ ಸುಮಾರು 600 ಮಿಲಿಮೀಟರ್, ಅದೂ ಬಂದರೆ ಬಂತು. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಬಿಸಿಲು. ಹೊಳೆಯ ನೀರು ತಗ್ಗಿನಲ್ಲಿ ಹರಿದು ಹೋಗುತ್ತಿತ್ತು, ಹೊಲ ದಿಬ್ಬದ ಮೇಲೆ ಒಣಗುತ್ತಿತ್ತು.

ಈಚೆಗೆ ತಾಲ್ಲೂಕು ಕೇಂದ್ರವಾದ ಅರಕೇರಾ ಇರುವುದು ಈ ನಡುನಾಡಿನಲ್ಲಿ. ಸುತ್ತ ಎರೆ, ಅಲ್ಲಲ್ಲಿ ಮಸಾರಿ, ಮಧ್ಯೆ ಬೋಳು ಕಲ್ಲುಗುಡ್ಡ. ಇಲ್ಲಿಯ ಹಿರಿಯರು ಮಳೆಯ ಜೊತೆ ಹಟ ಹಿಡಿಯಲಿಲ್ಲ, ಒಪ್ಪಂದ ಮಾಡಿಕೊಂಡರು. ಮುಂಗಾರಿಗೆ ಸಜ್ಜೆ, ನವಣೆ, ತೊಗರಿ, ಹೆಸರು. ಹಿಂಗಾರಿಗೆ ಬಿಳಿಜೋಳ, ಕಡಲೆ, ಕುಸುಬೆ. ಎರೆಮಣ್ಣು ಮಳೆಗಾಲದ ನೀರನ್ನು ಹೊಟ್ಟೆಯಲ್ಲಿ ಹಿಡಿದಿಟ್ಟುಕೊಳ್ಳುತ್ತದೆ. ಮಳೆ ಹಿಂದಾಗುವ ಹೊತ್ತಿಗೆ ಬಿತ್ತಿದ ಜೋಳ ಆ ತೇವವನ್ನೇ ಹೀರುತ್ತ, ಚಳಿಗಾಲದ ಇಬ್ಬನಿಯಲ್ಲಿ ನೆನೆಯುತ್ತ, ಮೇಲಿಂದ ಒಂದು ಹನಿ ಬೀಳದಿದ್ದರೂ ಎದೆಮಟ್ಟ ಏರಿ ತೆನೆ ಬಿಡುತ್ತದೆ. ಬೇಸಿಗೆಯಲ್ಲಿ ಅದೇ ನೆಲ ಬಾಯಿ ಬಿಟ್ಟು ಬಿರಿಯುತ್ತದೆ. ಮೇಲಿನ ಮಣ್ಣು ಬಿರುಕಿನೊಳಗೆ ಬಿದ್ದು ತಳ ಸೇರುತ್ತದೆ. ಎರೆ ತನ್ನನ್ನು ತಾನೇ ಉತ್ತುಕೊಳ್ಳುತ್ತದೆ ಎಂದು ರೈತರು ಹೇಳುವುದು ಇದನ್ನೇ.

ಒಂದೇ ಬೆಳೆಯನ್ನು ನೆಚ್ಚುವ ಪದ್ಧತಿ ಇರಲಿಲ್ಲ. ಅಕ್ಕಡಿ ಸಾಲು ಹಾಕುತ್ತಿದ್ದರು. ಜೋಳದ ನಡುವೆ ಕಡಲೆಯ ಸಾಲು, ಹೊಲದ ಅಂಚಿಗೆ ಕುಸುಬೆ. ಮುಳ್ಳಿನ ಕುಸುಬೆ ದನ ಹೊಗದಂತೆ ಬೇಲಿಯೂ ಆಗುತ್ತಿತ್ತು, ಮನೆಗೆ ಎಣ್ಣೆಯೂ ಆಗುತ್ತಿತ್ತು. ಜೋಳದ ಕಾಳು ಮನುಷ್ಯರಿಗೆ, ಸೊಪ್ಪೆ ದನಕ್ಕೆ, ಕೂಳೆ ನೆಲಕ್ಕೆ, ಬಿದ್ದ ತೆನೆ ಆಯುವವರಿಗೆ. ಎಸೆಯುವುದಕ್ಕೆ ಏನೂ ಉಳಿಯುತ್ತಿರಲಿಲ್ಲ.

ಚೆನ್ನಾಗಿ ಬೆಳೆದ ವರ್ಷ ಹೆಚ್ಚಿನ ಜೋಳ ಹಗೇವಿಗೆ ಇಳಿಯುತ್ತಿತ್ತು. ಬಾಯಿ ಕಿರಿದು, ಒಡಲು ಅಗಲವಾಗಿರುವ ನೆಲದೊಳಗಿನ ಕಣಜ ಅದು. ಸುತ್ತ ಹುಲ್ಲು ಹೊದಿಸಿ, ಕಾಳು ತುಂಬಿ, ಬಾಯಿಗೆ ಕಲ್ಲು ಮುಚ್ಚಿ ಮಣ್ಣು ಮೆತ್ತಿಬಿಟ್ಟರೆ ಒಳಗೆ ಗಾಳಿಯೇ ಇಲ್ಲದೆ ಹುಳ ಬದುಕುತ್ತಿರಲಿಲ್ಲ. ಅದಕ್ಕೇ ಹಗೇವು ತೆಗೆದ ಕೂಡಲೇ ಯಾರೂ ಒಳಗೆ ಇಳಿಯುತ್ತಿರಲಿಲ್ಲ. ದೀಪ ಇಳಿಬಿಟ್ಟು, ಅದು ಆರದೆ ಉರಿದರೆ ಮಾತ್ರ ಇಳಿಯುವುದು. ಹಗೇವು ಶ್ರೀಮಂತಿಕೆಯ ಗುರುತಷ್ಟೇ ಆಗಿರಲಿಲ್ಲ. ಮುಂದಿನ ವರ್ಷ ಮಳೆರಾಯ ಕೈಕೊಡುತ್ತಾನೆ ಎಂಬ ಅರಿವೂ ಅದರೊಳಗಿತ್ತು.

ಮನೆಯೂ ಹಾಗೆಯೇ ಇತ್ತು. ದಪ್ಪ ಮಣ್ಣಿನ ಗೋಡೆ, ಮೇಲೆ ಮಾಳಿಗೆ, ಮಾಳಿಗೆಗೆ ವರ್ಷವರ್ಷ ಹೊಸದಾಗಿ ಹಾಕುವ ಸವಳು ಮಣ್ಣು. ಸವಳು ನೀರನ್ನು ಒಳಗೆ ಬಿಡುವುದಿಲ್ಲ, ಮಳೆ ಬಿದ್ದರೆ ಮುಚ್ಚಿಕೊಂಡುಬಿಡುತ್ತದೆ. ಬೆಳೆಗೆ ಬಾರದ ಮಣ್ಣನ್ನು ತಲೆಯ ಮೇಲೆ ಹೊದ್ದುಕೊಂಡ ಜಾಣತನ ಅದು. ಈ ಸವಳಿನ ಮಾತು ಮುಂದೆ ಇನ್ನೊಮ್ಮೆ ಬರುತ್ತದೆ.

ಮೊದಲ ತುತ್ತು ಹೊಲಕ್ಕೆ

ಎಳ್ಳಮಾಸಿ ಎಂದರೆ ಎಳ್ಳು ಅಮಾವಾಸ್ಯೆ. ಆ ದಿನ ಈ ಸೀಮೆಯಲ್ಲಿ ಮನೆಯೊಳಗೆ ಯಾರೂ ಉಣ್ಣುವುದಿಲ್ಲ. ಸಜ್ಜೆ ರೊಟ್ಟಿ, ಜೋಳದ ರೊಟ್ಟಿ, ಶೇಂಗಾ ಹೋಳಿಗೆ, ಎಳ್ಳು ಹಚ್ಚಿದ ಕಡುಬು, ಪುಂಡಿಪಲ್ಯ, ಗುರೆಳ್ಳು ಚಟ್ನಿ ಎಲ್ಲ ಬುಟ್ಟಿಗೆ ತುಂಬಿ, ಎತ್ತಿನ ಬಂಡಿಯಲ್ಲೋ ಟ್ರ್ಯಾಕ್ಟರಿನಲ್ಲೋ ಹೊಲಕ್ಕೆ ಹೋಗುತ್ತಾರೆ. ಜೋಳ ಆಗ ತೆನೆ ಬಿಡುವ ಹೊತ್ತು. ಪೂಜೆ ಮಾಡಿ, ಉಣ್ಣುವ ಮೊದಲು ಅನ್ನ ರೊಟ್ಟಿಗಳ ಪಾಲನ್ನು ಹೊಲದ ತುಂಬ ಚೆಲ್ಲುತ್ತ ಹೋಗುತ್ತಾರೆ. ಅದೇ ಚರಗ. ಭೂಮಿತಾಯಿ ಬಸುರಿ, ಅವಳ ಬಯಕೆ ತೀರಿಸಬೇಕು ಎಂಬುದು ಜನರ ನಂಬಿಕೆ. ಹಕ್ಕಿ, ಇರುವೆ, ಇಲಿ ಯಾವುದಕ್ಕೂ ಬೇಡ ಎನ್ನುವುದಿಲ್ಲ. ಆಮೇಲೆ ಗಿಡದ ನೆಳಲಿಗೆ ಕೂತು ಊಟ. ದಾರಿಯಲ್ಲಿ ಹೋಗುವವರು ಯಾರೇ ಇರಲಿ, ಕೂಗಿ ಕರೆದು ಉಣಿಸುತ್ತಾರೆ.

ನಿಸರ್ಗದೊಂದಿಗೆ ಹೊಂದಿ ಬಾಳುವುದು ಎಂದು ಈಗ ಪುಸ್ತಕಗಳಲ್ಲಿ ಬರೆಯುವುದನ್ನು ಈ ಸೀಮೆ ಒಂದು ಊಟದಲ್ಲಿ ಹೇಳಿ ಮುಗಿಸಿದೆ. ಬೆಳೆ ಕೈಗೆ ಬರುವ ಮೊದಲೇ ಪಾಲು ಕೊಡುವುದು; ಬೆಳೆದದ್ದೆಲ್ಲ ನನ್ನದಲ್ಲ ಎಂದು ವರ್ಷಕ್ಕೊಮ್ಮೆಯಾದರೂ ನೆನೆಯುವುದು.

ರಟ್ಟೆಯ ಮಾತು

ಇಲ್ಲಿಗೆ ನಿಲ್ಲಿಸಿದರೆ ಚಿತ್ರ ಬಲು ಚೆಂದ. ನಿಲ್ಲಿಸಲು ನನ್ನನ್ನು ಬಿಡದವರು ಅರಕೇರಾ ಕಡೆಯ ಒಬ್ಬ ಅಜ್ಜಿ. ಬೀಸುವ ಪದಗಳ ಬಗ್ಗೆ ನಾನು ಹುಮ್ಮಸ್ಸಿನಿಂದ ಕೇಳುತ್ತಿದ್ದೆ. ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿ ಹೇಳಿದರು: ‘ತಮ್ಮಾ, ಬೀಸೋಕಲ್ಲಿನ ಪದ ಕೇಳಾಕ ನಿಮಗ ಚೆಂದ. ಬೀಸಿ ಬೀಸಿ ನನ್ನ ರಟ್ಟಿ ಬಿದ್ದು ಹೋಗ್ಯಾವ. ಊರಿಗೆ ಗಿರಣಿ ಬಂದ ದಿನ ನಾವು ಅದಕ್ಕ ಕಾಯಿ ಒಡದೀವಿ.’

ಆ ಮಾತಿನ ಮುಂದೆ ಯಾವ ಹಂಬಲವೂ ಸ್ವಲ್ಪ ಹೊತ್ತು ಬಾಯಿ ಮುಚ್ಚಬೇಕು. ಹಳೆಯ ಸರಳ ಬದುಕಿನ ಭಾರವನ್ನು ಹೊತ್ತವರು ಹೆಂಗಸರು. ಹಳ್ಳದ ವರತೆಯಿಂದ ಕೊಡ ನೀರು, ಗುಡ್ಡದಿಂದ ಕಟ್ಟಿಗೆ, ಕೋಳಿ ಕೂಗುವ ಮೊದಲು ಬೀಸುವುದು, ಹೊತ್ತು ಮುಳುಗಿದ ಮೇಲೆ ರೊಟ್ಟಿ ಬಡಿಯುವುದು. ಊರ ಹೊರಗಿನ ಕೇರಿಯವರಿಗೆ ಬಾವಿಯ ನೀರೂ ಇರಲಿಲ್ಲ. ಸಾಲಕ್ಕೆ ಜೀತವಿದ್ದ ಮಕ್ಕಳು ಒಡೆಯನ ದನದ ಹಿಂದೆ ನಡೆದೇ ದೊಡ್ಡವರಾದರು. ದೇವರ ಹೆಸರಿನಲ್ಲಿ ಹೆಣ್ಣುಮಕ್ಕಳನ್ನು ಬಿಡುವ ಪದ್ಧತಿಯೂ ಈ ಜಿಲ್ಲೆಯನ್ನು ಬಹುಕಾಲ ಕಾಡಿತು. ಹಗೇವು ಇದ್ದ ಮನೆಗೆ ಬರ ಎಂದರೆ ಕಾಯುವ ಕಾಲ, ಹಗೇವು ಇಲ್ಲದ ಗುಡಿಸಲಿಗೆ ಸಾಯುವ ಕಾಲ. ‘ಡೋಗಿ ಬರ’ ಎಂಬ ಭೀಕರ ಬರದ ನೆನಪು ಜನಪದದಲ್ಲಿ ಉಳಿದಿದೆ. 1876–78ರ ಬರ, 1972ರ ಬರ ಎಲ್ಲವೂ ಮೊದಲು ತಟ್ಟಿದ್ದು ಆ ಗುಡಿಸಲುಗಳನ್ನೇ.

ಆದ್ದರಿಂದ ಸರಳತೆಗೂ ಬಡತನಕ್ಕೂ ಒಂದೇ ಹೆಸರು ಇಡಬಾರದು. ಎರಡರಲ್ಲೂ ತಟ್ಟೆಯಲ್ಲಿ ಇರುವುದು ರೊಟ್ಟಿ ಮತ್ತು ಖಾರವೇ. ಸರಳತೆಯಲ್ಲಿ ಇನ್ನೊಂದು ರೊಟ್ಟಿ ಬುಟ್ಟಿಯಲ್ಲಿದ್ದೂ ಸಾಕೆನ್ನುತ್ತಾರೆ, ಬಡತನದಲ್ಲಿ ಬುಟ್ಟಿಯೇ ಖಾಲಿ.

ಲಕ್ಕಮ್ಮನ ಲೆಕ್ಕ

ಈ ವ್ಯತ್ಯಾಸವನ್ನು ಒಂಬತ್ತು ಶತಮಾನದ ಹಿಂದೆಯೇ ತಿಳಿದಿದ್ದವಳು ಇದೇ ಜಿಲ್ಲೆಯವಳು. ಲಿಂಗಸುಗೂರು ತಾಲ್ಲೂಕಿನ ಗುರುಗುಂಟಾ ಅಮರೇಶ್ವರದಿಂದ ಕಲ್ಯಾಣಕ್ಕೆ ಹೋದ ಆಯ್ದಕ್ಕಿ ಮಾರಯ್ಯ, ಲಕ್ಕಮ್ಮ ದಂಪತಿಯ ಕಥೆ ಯಾರಿಗೆ ಗೊತ್ತಿಲ್ಲ? ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನ ಕಾಯಕ. ಅದರಲ್ಲೇ ದಾಸೋಹ, ಅದರಲ್ಲೇ ತಮ್ಮ ಊಟ. ಒಂದು ದಿನ ಅಂಗಳದಲ್ಲಿ ಹೆಚ್ಚು ಅಕ್ಕಿ ಬಿದ್ದಿತ್ತು. ಮಾರಯ್ಯ ಆಯ್ದು ತಂದ. ಗಂಟು ನೋಡಿದ ಲಕ್ಕಮ್ಮ ಒಲೆ ಹಚ್ಚಲಿಲ್ಲ. ದಿನಕ್ಕಿಂತ ಹೆಚ್ಚೇಕೆ ತಂದೆ, ಇದು ಆಸೆಯ ಅಕ್ಕಿ, ಹೆಚ್ಚಾದದ್ದನ್ನು ಅಲ್ಲೇ ಸುರಿದು ಬಾ ಎಂದಳು. ಮಾರಯ್ಯ ಮರಳಿ ಹೋಗಿ ಸುರಿದು ಬಂದ.

ಲಕ್ಕಮ್ಮ ಬಡವಿ, ಆದರೆ ಅಂದು ಅವಳ ಕೈಯಲ್ಲಿ ಹೆಚ್ಚು ಇತ್ತು. ಆ ಹೆಚ್ಚನ್ನು ಬೇಡವೆನ್ನುವ ಹಕ್ಕನ್ನು ಅವಳು ಚಲಾಯಿಸಿದಳು. ಅವಳು ಕಾಡಿಗೆ ಹೋಗಲಿಲ್ಲ, ಕಲ್ಯಾಣವೆಂಬ ರಾಜಧಾನಿಯ ನಡುವೆಯೇ ಇದ್ದಳು. ಕೆಲಸ ಬಿಡಲೂ ಇಲ್ಲ. ಬಿಟ್ಟದ್ದು ಒಂದು ಹಿಡಿ ಹೆಚ್ಚಿನ ಅಕ್ಕಿಯನ್ನು ಮಾತ್ರ.

ಸರಳ ಬದುಕನ್ನು ಹುಡುಕಿ ಅಮೆರಿಕದ ಹೆನ್ರಿ ಡೇವಿಡ್ ಥೋರೊ 1845ರಲ್ಲಿ ವಾಲ್ಡನ್ ಕೊಳದ ದಂಡೆಗೆ ಹೋಗಿ ಎರಡು ವರ್ಷ ಎರಡು ತಿಂಗಳು ಇದ್ದು ಬಂದ. ಗುಡಿಸಲಿಗೆ ಆದ ಖರ್ಚು 28 ಡಾಲರ್ ಹನ್ನೆರಡೂವರೆ ಸೆಂಟ್ ಎಂದು ಮೊಳೆ, ಹಲಗೆಗಳ ಲೆಕ್ಕ ಸಮೇತ 1854ರ ತನ್ನ ಪುಸ್ತಕದಲ್ಲಿ ಬರೆದ. ಜಪಾನಿನ ಮಸನೊಬು ಫುಕುವೋಕಾ ಸರಕಾರಿ ನೌಕರಿ ಬಿಟ್ಟು ಹೊಲಕ್ಕೆ ಮರಳಿ, ಉಳದೆ ಬೆಳೆಯುವ ದಾರಿ ತೋರಿದ. ಪೂರ್ಣಚಂದ್ರ ತೇಜಸ್ವಿ ‘ಸಹಜ ಕೃಷಿ’ಯ ಮೂಲಕ ಆತನನ್ನು ಕನ್ನಡಕ್ಕೆ ಪರಿಚಯಿಸಿದರು. ಇಬ್ಬರೂ ದೊಡ್ಡವರೇ. ಆದರೆ ಒಂದು ಸಂಗತಿ ನೆನಪಿರಲಿ. ಥೋರೊ ಗುಡಿಸಲು ಕಟ್ಟಿದ್ದು ಗೆಳೆಯ ಎಮರ್ಸನ್ನನ ಜಮೀನಿನಲ್ಲಿ, ಫುಕುವೋಕಾ ಮರಳಿದ್ದು ಅಪ್ಪನ ಹೊಲಕ್ಕೆ. ಸರಳವಾಗಿ ಬದುಕುವುದಕ್ಕೂ ಕಾಲೂರಲು ಒಂದಿಷ್ಟು ನೆಲ ಬೇಕು.

ಕಾಲುವೆ ಬಂತು

ತುಂಗಭದ್ರಾ ಅಣೆಕಟ್ಟೆ 1953ರಲ್ಲಿ ಮುಗಿಯಿತು. ಅದರ ಎಡದಂಡೆ ಕಾಲುವೆ ಸಿಂಧನೂರು, ಮಾನ್ವಿ ದಾಟಿ ರಾಯಚೂರಿನವರೆಗೆ ಸುಮಾರು 227 ಕಿ.ಮೀ. ಹರಿಯುವಂಥದ್ದು. ಕೃಷ್ಣೆಗೆ ನಾರಾಯಣಪುರದಲ್ಲಿ ಬಸವಸಾಗರ ಕಟ್ಟಿದ ಮೇಲೆ ಅದರ ಬಲದಂಡೆ ಕಾಲುವೆ ದೇವದುರ್ಗ ಸೀಮೆಗೂ ನೀರು ತಂದಿತು. ಬರದ ಸೀಮೆಗೆ ನೀರು ಬಂದದ್ದನ್ನು ತಪ್ಪೆನ್ನುವವನು ಬರ ಕಂಡವನಲ್ಲ. ಹೊಲದ ಬೆಲೆ ಏರಿತು, ಮಕ್ಕಳು ಶಾಲೆಗೆ ಹೋದರು, ಮಾಳಿಗೆಯ ಜಾಗದಲ್ಲಿ ಆರ್‌ಸಿಸಿ ಬಂತು. ಆಂಧ್ರದ ಕರಾವಳಿಯಿಂದ ಬಂದ ರೈತರು ಕ್ಯಾಂಪುಗಳನ್ನು ಕಟ್ಟಿಕೊಂಡು ಭತ್ತ ಬೆಳೆಯುವುದನ್ನು ತೋರಿಸಿದರು. ಸೋನಾ ಮಸೂರಿ ರಾಯಚೂರಿನ ಹೆಸರನ್ನು ದೂರದೂರದ ಅಂಗಡಿಗಳಿಗೆ ಒಯ್ದಿತು.

ಆದರೆ ಎಡದಂಡೆ ಕಾಲುವೆಯನ್ನು ಯೋಜಿಸಿದ್ದು ಮುಖ್ಯವಾಗಿ ಜೋಳ, ಹತ್ತಿಯಂಥ ಅರೆನೀರಾವರಿ ಬೆಳೆಗಳಿಗೆ. ಸ್ವಲ್ಪ ಸ್ವಲ್ಪ ನೀರನ್ನು ಬಹಳ ಜನರಿಗೆ ಹಂಚಿ, ಬರದಿಂದ ಎಲ್ಲರನ್ನೂ ಪಾರು ಮಾಡುವುದು ಉದ್ದೇಶ. ಭತ್ತಕ್ಕೆ ಜೋಳದ ಎರಡು ಮೂರು ಪಟ್ಟು ನೀರು ಬೇಕು. ಮೇಲ್ಭಾಗದಲ್ಲಿ ಭತ್ತ ನಾಟಿಯಾದಂತೆಲ್ಲ ಕೆಳಭಾಗದಲ್ಲಿ ಕಾಲುವೆ ಒಣಗಿತು. ಮಾನ್ವಿ, ಸಿರವಾರ, ರಾಯಚೂರು ಕಡೆಯ ರೈತರು ‘ಕೊನೆಭಾಗಕ್ಕೆ ನೀರು ಬಿಡಿ’ ಎಂದು ರಸ್ತೆಗೆ ಕೂರುವುದು ಈಗ ಬಿತ್ತನೆ, ಕೊಯ್ಲುಗಳಂತೆ ವರ್ಷದ ಒಂದು ಹಂಗಾಮೇ ಆಗಿದೆ. ಅಣೆಕಟ್ಟೆಯೂ ಹಳೆಯದಾಯಿತು. ಕಟ್ಟಿದಾಗ ಸುಮಾರು 133 ಟಿಎಂಸಿ ಅಡಿ ಹಿಡಿಯುತ್ತಿದ್ದದ್ದು ಹೂಳು ತುಂಬಿ ಈಗ ಸುಮಾರು 105ಕ್ಕೆ ಇಳಿದಿದೆ. 2024ರ ಆಗಸ್ಟ್ 10ರ ರಾತ್ರಿ ಸರಪಳಿ ಕಡಿದು ಅದರ 19ನೇ ಗೇಟು ಕೊಚ್ಚಿ ಹೋದಾಗ, ಒಂದು ಸರಪಳಿಗೆ ಎಷ್ಟು ಹೊಲಗಳು ಜೋತುಬಿದ್ದಿದ್ದವು ಎಂಬುದು ಎಲ್ಲರಿಗೂ ತಿಳಿಯಿತು.

ಸವಳಿನ ಮಾತು ಬಾಕಿ ಇತ್ತಲ್ಲ. ವರ್ಷವಿಡೀ ನೀರು ನಿಂತ ಎರೆಯಲ್ಲಿ ತಳದ ಉಪ್ಪು ಮೇಲಕ್ಕೆ ಏರಿತು. ಕಾಲುವೆ ಸೀಮೆಯ ಸಾವಿರಾರು ಎಕರೆ ಸವಳು ಜವಳಾಯಿತು. ಅಜ್ಜಂದಿರು ಮಾಳಿಗೆಗೆಂದು ಹುಡುಕಿ ತರುತ್ತಿದ್ದ ಮಣ್ಣು ಮೊಮ್ಮಕ್ಕಳ ಹೊಲಕ್ಕೇ ಬಂದು ಕೂತಿತು. ಮಾಳಿಗೆಯೇ ಇಲ್ಲದ ಊರಿನಲ್ಲಿ ಈಗ ಅದು ಯಾರಿಗೆ ಬೇಕು?

ಮಹಾಮನೆಯ ಅಂಗಳ ಮತ್ತು ಕಾಲುವೆಯ ಮೇಲ್ಭಾಗ, ಎರಡೂ ಒಂದೇ ಥರದ ಜಾಗ. ಅಲ್ಲಿ ಹೆಚ್ಚು ಬಿದ್ದಿರುತ್ತದೆ, ಕೈ ಚಾಚಿದರೆ ಸಿಗುತ್ತದೆ. ಲಕ್ಕಮ್ಮನ ಪ್ರಶ್ನೆಯನ್ನು ಕೇಳುವವರು ಮಾತ್ರ ಇಲ್ಲ. ಮೇಲ್ಭಾಗದ ರೈತನೊಬ್ಬನನ್ನೇ ದೂರುವುದೂ ಸರಿಯಲ್ಲ. ಜೋಳಕ್ಕೆ ಭತ್ತದಷ್ಟು ಗಳಿಕೆ ಇಲ್ಲ. ಮಾಲ್ದಂಡಿ ತಳಿಯ ಬಿಳಿಜೋಳವನ್ನು ಕೈಯಿಂದ ಕೀಳಬೇಕು, ಆಳು ಸಿಗುವುದಿಲ್ಲ. ಪಡಿತರದ ಅಕ್ಕಿ ಬಂದ ಮೇಲೆ ಜೋಳ ಬೆಳೆಯುವವರ ಮನೆಯಲ್ಲೇ ಅನ್ನದ ರೂಢಿಯಾಯಿತು. 2023ನ್ನು ವಿಶ್ವಸಂಸ್ಥೆ ಸಿರಿಧಾನ್ಯ ವರ್ಷವೆಂದು ಆಚರಿಸಿತು. ನಗರದ ಅಂಗಡಿಗಳಲ್ಲಿ ಜೋಳದ ರೊಟ್ಟಿಗೆ ಬೆಲೆ ಬಂತು, ಹೊಲದಲ್ಲಿ ನಿಂತ ಜೋಳಕ್ಕೆ ಆ ಬೆಲೆ ಬರಲಿಲ್ಲ.

ಗುಳೆಯ ಗಂಟು

ಇನ್ನು ಕಾಲುವೆಯ ಯಾವ ಭಾಗದಲ್ಲೂ ಇಲ್ಲದವರು. ಭೂಮಿಯೇ ಇಲ್ಲದವರು, ಇದ್ದರೂ ಎರಡೆಕರೆ ಮಸಾರಿ ಇರುವವರು. ಸುಗ್ಗಿ ಮುಗಿಯುತ್ತಿದ್ದಂತೆ ದೇವದುರ್ಗ ಸೀಮೆಯ ಬಸ್ ನಿಲ್ದಾಣಗಳಲ್ಲಿ ಅವರ ಗಂಟುಗಳು ಸಾಲುಗಟ್ಟುತ್ತವೆ. ಚೀಲದಲ್ಲಿ ಹಿಟ್ಟು, ಬಕೆಟ್ಟಿನಲ್ಲಿ ಪಾತ್ರೆ, ಬಟ್ಟೆಯಲ್ಲಿ ಕಟ್ಟಿದ ಖಡಕ್ ರೊಟ್ಟಿ, ಕಂಕುಳಲ್ಲಿ ಮಗು. ಬೆಂಗಳೂರು, ಹೈದರಾಬಾದ್, ಪುಣೆ. ಅಲ್ಲಿ ಕಟ್ಟಡದ ಕೆಲಸ. ‘ಅಲ್ಲೇನೈತಿ?’ ಎಂದು ಕೇಳಿದರೆ ಉತ್ತರ ಒಂದೇ ಪದ: ‘ಪಗಾರ.’ ಮನೆಯಲ್ಲಿ ಮುದುಕರು, ಶಾಲೆಯಲ್ಲಿ ಅರ್ಧ ಖಾಲಿ ಬೆಂಚು.

ಇವರ ಬದುಕು ಅಲ್ಲಿ ಎಷ್ಟು ಸರಳ ಎಂದರೆ, ತಗಡಿನ ನಾಲ್ಕು ಗೋಡೆ, ಒಂದು ಒಲೆ. ಸರಳ ಬದುಕಿನ ಕನಸು ಕಾಣುವವರ ಬಹುಮಹಡಿ ಮನೆಗಳನ್ನು ಕಟ್ಟುವವರು ಇವರೇ. 2020ರ ಮಾರ್ಚಿನಲ್ಲಿ ಲಾಕ್‌ಡೌನ್ ಆದಾಗ ಲಾರಿ ಹತ್ತಿ, ನಡೆದು, ಹೇಗೋ ಊರು ಸೇರಿದರು. ಆ ದಿನಗಳಲ್ಲಿ ಅವರನ್ನು ಹಿಡಿದಿಟ್ಟದ್ದು ಊರಿನ ರೊಟ್ಟಿ ಮತ್ತು ಉದ್ಯೋಗ ಖಾತ್ರಿಯ ಕೂಲಿ. ಕೆರೆಯ ಹೂಳು ತೆಗೆದರು, ಬದು ಹಾಕಿದರು. ದುಡಿಮೆ ಮತ್ತು ಕೂಲಿ ಊರಲ್ಲೇ ಸಿಕ್ಕಿದರೆ ಯಾರೂ ಬೇಕೆಂದು ಊರು ಬಿಡುವುದಿಲ್ಲ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಇವರಿಗೆ ಸರಳತೆಯ ಉಪದೇಶ ಮಾಡುವವನಿಗಿಂತ ನಿರ್ದಯಿ ಇಲ್ಲ. ಇವರಿಗೆ ಬೇಕಾದದ್ದು ಹೆಚ್ಚು: ಹೆಚ್ಚು ಕೂಲಿ, ಹತ್ತಿರದ ಆಸ್ಪತ್ರೆ, ಪಾಠ ನಡೆಯುವ ಶಾಲೆ, ನಳದಲ್ಲಿ ನೀರು, ಅಜ್ಜಿಗೆ ಗಿರಣಿ. ಸಾಕು ಎನ್ನುವ ಮಾತು ಮೊದಲು ಬರಬೇಕಾದದ್ದು ಉಳಿದವರಿಂದ.

ಊಟಕ್ಕೆ ಕರೆ

ಹಾಗಾದರೆ ನಗರದ ಆ ಹುಡುಗ ಏನು ಮಾಡಬೇಕು? ನೌಕರಿ ಬಿಟ್ಟು ಹೊಲಕ್ಕೆ ಬರಬೇಕೇ? ಬರುವುದಾದರೆ ಬರಲಿ, ಅಪ್ಪನ ಹೊಲ ಇದ್ದರೆ ಇನ್ನೂ ಒಳ್ಳೆಯದು. ಆದರೆ ಬಾರದೆಯೂ ಮಾಡಬಹುದಾದದ್ದು ಬೇಕಾದಷ್ಟಿದೆ. ವಾರದ ನಾಲ್ಕು ದಿನ ಜೋಳ ಉಣ್ಣಲಿ, ಅದನ್ನು ಬೆಳೆದವರಿಂದಲೇ ಕೊಳ್ಳಲಿ. ಎರಡನೆಯ ಮನೆಯ ಕಂತು ಕಟ್ಟುವ ಮೊದಲು, ಮೊದಲನೆಯ ಮನೆ ಕಟ್ಟಿದವರ ಊರು ಯಾವುದೆಂದು ಕೇಳಲಿ. ಊರಿನ ಹೊಲವನ್ನು ಫಾರ್ಮ್‌ಹೌಸ್ ಮಾಡಿ ಬೇಲಿ ಹಾಕದೆ, ಗೇಣಿಗೆ ಬಿತ್ತುವವರಿಗೆ ಬಿಡಲಿ. ಸರಕಾರವೂ ಜೋಳಕ್ಕೆ ಭತ್ತದಷ್ಟು ಮರ್ಯಾದೆ ಕೊಡಲಿ, ಕಾಲುವೆಯ ಕೊನೆಯ ಹೊಲವನ್ನು ಮೊದಲ ಹೊಲದಂತೆ ಕಾಣಲಿ. ಲಕ್ಕಮ್ಮ ಕೇಳಿದ್ದೂ ಇಷ್ಟೇ: ಇವತ್ತಿಗೆ ಎಷ್ಟು ಬೇಕು, ಉಳಿದದ್ದು ಯಾರದು?

ವರ್ಷಕ್ಕೊಮ್ಮೆ ಎಳ್ಳಮಾಸಿಗೆ ಈ ಕಡೆ ಬನ್ನಿ. ಅರಕೇರಾ ದಾರಿಯ ಯಾವುದಾದರೂ ಹೊಲದ ಹತ್ತಿರ ನಿಂತರೆ ಯಾರೋ ಒಬ್ಬರು ಕೂಗಿ ಕರೆಯುತ್ತಾರೆ. ಮೊದಲು ಚರಗ, ಆಮೇಲೆ ಊಟ. ಸಜ್ಜೆ ರೊಟ್ಟಿ, ಪುಂಡಿಪಲ್ಯ. ಹೊಟ್ಟೆನೋವು ಎಂದು ಮಾತ್ರ ನೆಪ ಹೇಳಬೇಡಿ.